ದೊಡ್ಡ ಮಾಮಾನ ಕಾರ್ಡ್‌ಲೆಸ್ ಪಾರಾಯಣ

ಫೋನಿನಲ್ಲಿ ಮಾತಾಡುವವರನ್ನು ನೀವು ನೋಡಿದ್ದೀರಿ. ಫೋನಿನಲ್ಲಿ ಜಗಳ ಆಡುವವರನ್ನು, ಅಳುವವರನ್ನು, ಫೋನು ಕಿವಿಗೆ ಹಚ್ಚಿಕೊಂಡೇ ನಿದ್ದೆ ಹೋಗುವವರನ್ನೂ ನೋಡಿರಬಹುದು. ಆದರೆ ಫೋನನ್ನು ಓದುವವರನ್ನು ನೋಡಿದ್ದೀರಾ? ಇಲ್ಲವೆಂದರೆ ಒಮ್ಮೆ ಮನಗೂಳಿಗೆ ಬನ್ನಿ. ನಮ್ಮ ದೊಡ್ಡ ಮಾಮಾ, ಅಂದರೆ ನಮ್ಮವ್ವನ ಅಣ್ಣ, ಮನೆಗೆ ಹೊಸ ಫೋನು ಬಂದ ಮೇಲೆ ಅದರಲ್ಲಿ ಮೊದಲ 'ಹಲೋ' ಅನ್ನುವುದಕ್ಕೆ ಹದಿನೇಳು ದಿನ ತೆಗೆದುಕೊಂಡ ಮಹಾನುಭಾವರು. ಹದಿನಾರು ದಿನ ಅದರ ಪುಸ್ತಕ ಓದಿದರು. ಹದಿನೇಳನೆಯ ದಿನ ಕೈಕಾಲು ತೊಳೆದುಕೊಂಡು ಬಂದು ಮಾತಾಡಿದರು. ಯಾರ ಜೊತೆ ಎನ್ನುತ್ತೀರಿ? ನನ್ನ ಜೊತೆ! ಏನು ಮಾತಾಡಿದರು? "ಯವ್ವಾ, ಹದಿನೆಂಟನೇ ಪಾನದಾಗ ಎರಡನೇ ಸಾಲು ತಿಳೀವಲ್ದು" ಎಂದರು. ಪಾನ ಎಂದರೆ ನಮ್ಮ ಕಡೆ ಪುಟ.

ಇದು ಅವರ ಹುಟ್ಟುಗುಣವೋ ದಂಧೆಯಿಂದ ಬಂದದ್ದೋ ಹೇಳುವುದು ಕಷ್ಟ. ಮಾಮಾನದು ಬೀಜ, ಗೊಬ್ಬರ, ಎಣ್ಣೆ ಮಾರುವ ಅಂಗಡಿ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆ ಎಣ್ಣೆ ಎಂದೇ ಹೆಸರು. ಬೇರೆ ಅಂಗಡಿಯವರು ಡಬ್ಬಿ ಕೊಟ್ಟು ಕಳಿಸುತ್ತಾರೆ. ಮಾಮಾ ಡಬ್ಬಿಗೆ ಅಂಟಿಸಿದ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳದೆ ಡಬ್ಬಿ ಕೈಬಿಡುವವರಲ್ಲ. ಅಕ್ಷರ ಸಣ್ಣದಿದ್ದರೆ ಗಲ್ಲಾದೊಳಗಿಂದ ಭೂತಗನ್ನಡಿ ಹೊರಗೆ ಬರುತ್ತದೆ. ಒಮ್ಮೆ ಇಂಗಳೇಶ್ವರದ ರೈತರೊಬ್ಬರು ತೊಗರಿಗೆ ಹುಳ ಬಿದ್ದಿದೆಯೆಂದು ಬೈಕಿನಲ್ಲಿ ಓಡಿಬಂದಿದ್ದರು. ಮಾಮಾ ಆಗಷ್ಟೇ ಚೀಟಿಯ ಎರಡನೆಯ ಮಗ್ಗುಲಿಗೆ ಬಂದಿದ್ದರು. ರೈತರಿಗೆ ತಡೆಯಲಾಗಲಿಲ್ಲ.

"ಸಾವಕಾರ್ರ, ನೀವು ಓದಿ ಮುಗಸೂದ್ರಾಗ ಆ ಹುಳಾ ನನ್ನ ತೊಗರಿ ತಿಂದು, ರಾಶಿ ಮಾಡಿ, ಇಂಡಿ ಬಜಾರಕ್ಕ ಒಯ್ದು ಮಾರಿ ಬರ್ತಾವ್ರಿ!"

"ಬರ್ಲಿ ಬಿಡು. ತೊಗರಿ ಹ್ವಾದ್ರ ಮುಂದಿನ ವರ್ಷ ಬರತೈತಿ. ನೀ ಹ್ವಾದಿ ಅಂದ್ರ ಹುಳಾ ಬಂದು ನನ್ನ ಕೇಳೂದಿಲ್ಲ, ನಿನ್ನ ಹೇಣ್ತಿ ಬಂದು ಕೇಳ್ತಾಳ. ಮೂಗಿಗೆ ಅರಿಬಿ ಕಟ್ಟಗೊಂತಿಯೋ ಇಲ್ಲೋ, ಅದನ್ನ ಹೇಳು."

ಆ ರೈತರು ಅಂಗಡಿಯಲ್ಲೇ ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಕಟ್ಟಿ ತೋರಿಸಿದ ಮೇಲೆಯೇ ಡಬ್ಬಿ ಸಿಕ್ಕಿತು.

ಔಷಧದ ಚೀಟಿಗಷ್ಟೇ ಇದು ನಿಂತಿದ್ದರೆ ಪರವಾಗಿರಲಿಲ್ಲ. ಕುಕ್ಕರಿನ ಚೀಟಿ, ಸೊಳ್ಳೆ ಬತ್ತಿಯ ಚೀಟಿ, ಬಿಸ್ಕೀಟಿನ ಪುಡಿಕೆ, ಯಾವುದನ್ನೂ ಬಿಟ್ಟವರಲ್ಲ. ಬಿಸ್ಕೀಟಿನ ಮೇಲೆ 'ತಂಪಾದ, ಒಣಗಿದ ಜಾಗದಲ್ಲಿ ಇಡಿ' ಎಂದು ಬರೆದದ್ದನ್ನು ಓದಿ, ಬೇಸಿಗೆಯ ಒಂದು ಮಧ್ಯಾಹ್ನ ಪುಡಿಕೆ ಹಿಡಿದುಕೊಂಡು ಮನೆಯೆಲ್ಲ ತಿರುಗಿದರು. ಮನಗೂಳಿಯ ಬೇಸಿಗೆಯಲ್ಲಿ ತಂಪಾದ ಜಾಗ ಎಲ್ಲಿಂದ ಬರಬೇಕು? ತಂಪಿದ್ದಲ್ಲಿ ಒಣಗಿರಲಿಲ್ಲ, ಒಣಗಿದ್ದಲ್ಲಿ ತಂಪಿರಲಿಲ್ಲ. ಕೊನೆಗೆ ಎಲ್ಲರಿಗೂ ಹಂಚಿ ತಿನ್ನಿಸಿ, "ಹೊಟ್ಟಿಯಾಗ ಇಡ್ರಿ, ಅದರ ತಲಿಬ್ಯಾನಿ ಬ್ಯಾಡ" ಎಂದುಬಿಟ್ಟರು.

ಇಂಥ ಮನುಷ್ಯನಿಗೂ ಇವರ ಒಬ್ಬನೇ ತಮ್ಮನಿಗೂ, ಅಂದರೆ ನಮ್ಮ ಸಣ್ಣ ಮಾಮಾನಿಗೂ, ಆರು ವರ್ಷ ಮಾತಿರಲಿಲ್ಲ. ಕಾರಣ ಕೇಳಿದರೆ ನಗುತ್ತೀರಿ. ನಗಬೇಡಿ, ನಮ್ಮವ್ವ ಅತ್ತಿದ್ದಾಳೆ.

ಸಣ್ಣ ಮಾಮಾನ ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಯಾರ ಹೆಸರು ಎಲ್ಲಿ ಬರಬೇಕು ಎನ್ನುವುದು ಹೊಲದ ಬದುವಿಗಿಂತ ಸೂಕ್ಷ್ಮವಾದ ವಿಷಯ. ಮನೆಗೆ ಹಿರಿಯರಾದ ದೊಡ್ಡ ಮಾಮಾನ ಹೆಸರು ತಲೆಯ ಮೇಲೆ ದಪ್ಪಕ್ಷರದಲ್ಲಿ ಬರಬೇಕಿತ್ತು. ಸಣ್ಣ ಮಾಮಾ ಬರೆದುಕೊಟ್ಟದ್ದೂ ಹಾಗೆಯೇ. ಪ್ರೆಸ್ಸಿನವರು ಜಾಗ ಸಾಲದೆ ಆ ಸಾಲನ್ನು ಎತ್ತಿ ಕಾರ್ಡಿನ ಬುಡಕ್ಕೆ, ದೂರದ ಬೀಗರ ಹೆಸರುಗಳ ನಡುವೆ ಸಣ್ಣಕ್ಷರದಲ್ಲಿ ಸೇರಿಸಿಬಿಟ್ಟರು. ಐದುನೂರು ಕಾರ್ಡು ಹಂಚಿಯೂ ಆಯಿತು. ಬೇರೆ ಯಾರಾದರೂ ಆಗಿದ್ದರೆ ಗಮನಕ್ಕೇ ಬರುತ್ತಿರಲಿಲ್ಲ. ಕಾರ್ಡು ಹೋದದ್ದು ಯಾರ ಕೈಗೆ?

"ನನ್ನ ಹೆಸರು ಹುಡಕಾಕ ಭೂತಗನ್ನಡಿ ಬೇಕಾತು!" ಎಂದು ದೊಡ್ಡ ಮಾಮಾ ಅಂಗಳದಲ್ಲಿ ನಿಂತು ಕೂಗಿದರು.

ಸಣ್ಣ ಮಾಮಾನಿಗೂ ಸಿಟ್ಟು ಬಂತು. "ಊರಾಗಿನ ಡಬ್ಬಿ ಎಲ್ಲಾ ಓದ್ತಿ. ಮನಿ ಮಗಳ ಮದುವಿ ಕಾರ್ಡು ಛಾಪಿಗೆ ಹೋಗೂಕಿಂತ ಮೊದಲ ಒಂದ್ಸಲ ಓದಾಕ ನಿನಗ ಪುರಸೊತ್ತು ಸಿಗಲಿಲ್ಲೇನು?"

ಈ ಮಾತು ನಿಜವಾಗಿದ್ದರಿಂದಲೇ ಜಾಸ್ತಿ ಚುಚ್ಚಿತು. ಅಂದು ಬಿಟ್ಟ ಮಾತು ಮತ್ತೆ ಶುರುವಾಗಲಿಲ್ಲ. ಮದುವೆಯಲ್ಲಿ ದೊಡ್ಡ ಮಾಮಾ ಅಕ್ಕಿಕಾಳು ಹಾಕಿ ಬೀಗರ ಸಾಲಿನಲ್ಲಿ ಕೂತು ಉಂಡು ಬಂದರು. ವರ್ಷ ಕಳೆಯುವಷ್ಟರಲ್ಲಿ ಅಂಗಳದ ನಡುವೆ ಗೋಡೆ ಎದ್ದಿತು. ಅಂದಿನಿಂದ ತವರಿಗೆ ಹೋದಾಗಲೆಲ್ಲ ಅವ್ವನಿಗೂ ನನಗೂ ಪೀಕಲಾಟ. ಈ ಮನೆಯಲ್ಲಿ ಎರಡು ರೊಟ್ಟಿ ತಿಂದರೆ ಆ ಮನೆಯಲ್ಲೂ ಎರಡು ತಿನ್ನಬೇಕು, ಇಲ್ಲಿ ಒಂದು ತಾಸು ಕೂತರೆ ಅಲ್ಲೂ ಒಂದು ತಾಸು ಕೂರಬೇಕು. ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿ ಹೇಳುತ್ತಿದ್ದಳು: "ನನಗ ಒಂದು ತವರಮನಿ ಇತ್ತು. ಈಗ ಎರಡಾಗಿ ಒಂದೂ ಇಲ್ಲದಂಗ ಆಗೇತಿ."

ಹೊಲ ಭಾಗವಾಯಿತು, ಎತ್ತು ಭಾಗವಾದವು, ಹಿತ್ತಾಳೆಯ ಹಂಡೆ, ಕೊಡಗಳೂ ಭಾಗವಾದವು. ತಕರಾರು ಬಂದದ್ದು ಅಜ್ಜನ ಕಾಲದಿಂದ ಇದ್ದ ಫೋನು ನಂಬರಿನದು. ಗೋಡೆ ಮೊಳ ದಪ್ಪದ ಹಳೆಯ ಮನೆ ಅದು. ಮೊಬೈಲು ಕೇಳಬೇಕೆಂದರೆ ಮಾಳಿಗೆ ಹತ್ತಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಬೀಗರೆಲ್ಲರಿಗೂ ಬಾಯಿಪಾಠ ಇದ್ದದ್ದು ಆ ಒಂದೇ ನಂಬರು. ಅದನ್ನು ಹೇಗೆ ಭಾಗ ಮಾಡುತ್ತೀರಿ? ಮೊದಲಿನ ಮೂರು ಅಂಕಿ ಅಣ್ಣನಿಗೆ, ಉಳಿದ ಮೂರು ತಮ್ಮನಿಗೆ ಎನ್ನಲಾದೀತೇ? ಮೂರು ವರ್ಷ ಕರೆಗಳು ಗೋಡೆಯ ಮೇಲಿಂದ ಕೂಗಿನ ರೂಪದಲ್ಲಿ ದಾಟಿದವು. "ತಂಗೀ, ನಿಮಗ ಫೋನ್ ಬಂದೈತಿ!" ಎಂದು ಈ ಕಡೆಯಿಂದ ದೊಡ್ಡತ್ತೆ ಕೂಗುವುದು, ಆ ಕಡೆಯವರು ಓಣಿ ಸುತ್ತಿ ಬರುವಷ್ಟರಲ್ಲಿ ಫೋನು ಮಾಡಿದವರು ಬೇಸತ್ತು ಇಟ್ಟುಬಿಡುವುದು.

ಆಗ ಬುದ್ಧಿವಂತಿಕೆ ತೋರಿಸಿದವಳು ನಾನು. ನಾನು ಸಿಂದಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಎರಡು ವರ್ಷದ ಹಿಂದೆ ಒಂದು ಬೇಸ್, ಎರಡು ಹ್ಯಾಂಡ್‌ಸೆಟ್ ಇರುವ ಕಾರ್ಡ್‌ಲೆಸ್ ಫೋನು ಕೊಂಡು ತಂದೆ. ತಂತಿ ಬಂದು ಸೇರುವ ಬೇಸ್ ದೊಡ್ಡ ಮಾಮಾನ ಮನೆಯಲ್ಲಿ, ಅದರ ಮೇಲೊಂದು ಹ್ಯಾಂಡ್‌ಸೆಟ್. ಇನ್ನೊಂದು ಹ್ಯಾಂಡ್‌ಸೆಟ್ ಗೋಡೆಯಾಚೆ ಸಣ್ಣ ಮಾಮಾನ ಮನೆಯಲ್ಲಿ. ತಂತಿ ಬೇಡ, ಕೂಗು ಬೇಡ. ಎರಡೂ ಮನೆಯವರು ಒಪ್ಪಿದರು. ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಆ ಫೋನಿನಲ್ಲಿ ಇಂಟರ್‌ಕಾಂ ಎನ್ನುವ ಬಟನ್ ಇದೆ. ಅದನ್ನು ಒತ್ತಿದರೆ ಈ ಹ್ಯಾಂಡ್‌ಸೆಟ್ಟಿನಿಂದ ಆ ಹ್ಯಾಂಡ್‌ಸೆಟ್ಟಿಗೆ ನೇರ ಮಾತಾಡಬಹುದು. ಒಂದಲ್ಲ ಒಂದು ದಿನ ಇಬ್ಬರಲ್ಲಿ ಒಬ್ಬರು ಅದನ್ನು ಒತ್ತಿಯಾರು ಎಂಬ ಆಸೆ ನನಗಿತ್ತು.

ಒತ್ತುವುದಿರಲಿ, ಮುಟ್ಟುವುದಕ್ಕೇ ಹದಿನೇಳು ದಿನ ಆಯಿತಲ್ಲ! ಪುಸ್ತಕ ಇಂಗ್ಲಿಷಿನಲ್ಲಿತ್ತು. ಸಿಂದಗಿಗೆ ವಾಪಸು ಹೊರಟವಳನ್ನು ತಡೆದು, ಇನ್ನೂರು ಪುಟದ ನೋಟ್‌ಬುಕ್ಕು ಕೈಗಿಟ್ಟು, "ಪೂರಾ ಕನ್ನಡದಾಗ ಬರದು ಕೊಡು. ಮೊಟಕು ಮಾಡಬ್ಯಾಡ" ಎಂದರು. ದಿನವೆಲ್ಲ ಕೂತು ಬರೆದೆ. ಕೊನೆಯ ಪುಟಕ್ಕೆ ಬಂದಾಗ ಕೈ ಸೋತಿತ್ತು. ಆ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಐದು ಗಂಟೆಯ ಬಸ್ಸಿಗೆ ಹೊತ್ತಾಗುತ್ತಿತ್ತು.

"ಇದರಾಗ ಏನೈತಿ?"

"ಏನಿಲ್ಲ ಮಾಮಾ, ಕಂಪನಿಯವರ ವಿಳಾಸ" ಎಂದು ಹೇಳಿ ಚೀಲ ಎತ್ತಿಕೊಂಡೆ. ವರ್ಷವಿಡೀ ಮಕ್ಕಳಿಗೆ ಪೂರ್ತಿ ಓದಿರಿ, ಪೂರ್ತಿ ಓದಿರಿ ಎಂದು ಹೇಳುವವಳು ನಾನು.

ಆಮೇಲೆ ಶುರುವಾಯಿತು ಪಾರಾಯಣ. 'ಮೊದಲ ಸಲ ಹದಿನಾರು ತಾಸು ಚಾರ್ಜು ಮಾಡಬೇಕು' ಎಂಬ ವಾಕ್ಯಕ್ಕೆ ಮಾಮಾ ಬೆಳಗಿನ ಐದಕ್ಕೆ ಹ್ಯಾಂಡ್‌ಸೆಟ್ಟನ್ನು ಬೇಸಿನ ಮೇಲೆ ಇಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಹತ್ತನೆಯ ತಾಸಿಗೆ ಐದು ನಿಮಿಷ ಕರೆಂಟು ಹೋಯಿತು. ಬಂದ ಮೇಲೆ ಮುಂದುವರಿಸಬಹುದಿತ್ತಲ್ಲ? ಇಲ್ಲ! ಪುಸ್ತಕದಲ್ಲಿ 'ಸತತವಾಗಿ' ಎಂದಿದೆ. ಮರುದಿನ ಐದಕ್ಕೆ ಮತ್ತೆ ಒಂದರಿಂದ ಎಣಿಕೆ. ನಮ್ಮ ಕಡೆಯ ಕರೆಂಟಿನ ಸುದ್ದಿ ನಿಮಗೆ ಗೊತ್ತೇ ಇದೆ. ಒಂಬತ್ತು ದಿನ ಹೀಗೆ ನಡೆದು, ಕೊನೆಗೆ ಒಂದು ಹಬ್ಬದ ದಿನ ಕರೆಂಟು ಹೋಗದೆ ಉಳಿದದ್ದರಿಂದ ಚಾರ್ಜಾಯಿತು.

ಮುಂದಿನದು ದೂರದ ಪರೀಕ್ಷೆ. ಬಯಲಿನಲ್ಲಾದರೆ ಮುನ್ನೂರು ಮೀಟರು ದೂರದವರೆಗೆ ಕೇಳುತ್ತದೆ ಎಂದು ಪುಸ್ತಕದಲ್ಲಿದೆ. ಒಂದು ಬೆಳಗ್ಗೆ ನನಗೆ ಫೋನು ಮಾಡಿ, "ಇಡಬ್ಯಾಡ, ಹಂಗ ಹಿಡಕೊಂಡಿರು" ಎಂದು ಹೇಳಿ ಮಾಮಾ ಹ್ಯಾಂಡ್‌ಸೆಟ್ಟು ಹಿಡಿದು ಹೆಜ್ಜೆ ಎಣಿಸುತ್ತ ಮನೆಯಿಂದ ಹೊರಬಿದ್ದರು. ನಾನು ಸಿಂದಗಿಯ ಸ್ಟಾಫ್ ರೂಮಿನಲ್ಲಿ ಕೂತು ಇಡೀ ಮನಗೂಳಿ ಕೇಳಿದೆ. "ನಲವತ್ತು... ನಮಸ್ಕಾರ್ರಿ... ನಲವತ್ತೊಂದು... ಏ ಆಕಳಾ ಹೊಡಕೊಳ್ರೋ... ಎಷ್ಟಾತು ಯವ್ವಾ?" ಎಂದು ನನ್ನನ್ನೇ ಕೇಳುವುದು! ಕ್ಷೌರದ ಅಂಗಡಿಯ ಮುಂದೆ ದನಿ ಕರಕರ ಎಂದು ನಿಂತುಹೋಯಿತು. ಪುಸ್ತಕ ಹೇಳಿದ್ದಕ್ಕಿಂತ ಬಹಳ ಮೊದಲೇ ನಿಂತಿತ್ತು. ಓಣಿಯೆಂದರೆ ಬಯಲಲ್ಲ ಎಂದು ನಾನು ಹೇಳಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಮನೆಗೆ ಹೋಗಿ ಸುಣ್ಣ ತಂದು ಕ್ಷೌರದ ಅಂಗಡಿಯ ಮುಂದೆ ಒಂದು ಗೆರೆ ಎಳೆದರು. ಅಂಗಡಿಯವ, "ಇದೇನ್ರಿ ಸಾವಕಾರ್ರ, ನಿಮ್ಮ ಹದ್ದು ಇಲ್ಲೀತನಕ ಬಂತೇನ್ರಿ?" ಎಂದ. "ಹದ್ದು ಅಲ್ಲೋ, ಆವಾಜಿನ ಮುಗತಾಯ" ಎಂದರು ಮಾಮಾ. ಆ ಗೆರೆ ಮಳೆಗೆ ಅಳಿಸಿದಾಗಲೆಲ್ಲ ಹೊಸದಾಗಿ ಎಳೆಯುವುದು ಅವರ ಕೆಲಸವಾಯಿತು.

ಮಳೆ ಎಂದೆನಲ್ಲ, ಅದೇ ಇನ್ನೊಂದು ಫಜೀತಿ. ಗುಡುಗು ಮಿಂಚು ಇರುವಾಗ ಬೇಸಿನ ತಂತಿ ಕಿತ್ತಿಡಬೇಕು, ಫೋನಿನಲ್ಲಿ ಮಾತಾಡಬಾರದು ಎಂದು ಪುಸ್ತಕದಲ್ಲಿದೆ. ಒಳ್ಳೆಯ ಮಾತೇ. ಆದರೆ ಮಾಮಾ ಗುಡುಗಿನವರೆಗೆ ಕಾಯುವವರಲ್ಲ. ಮುದ್ದೇಬಿಹಾಳದ ದಿಕ್ಕಿಗೆ ಅಂಗೈಯಷ್ಟು ಮೋಡ ಕಂಡರೆ ತಂತಿ ಕಿತ್ತರು ಎಂದೇ ತಿಳಿಯಿರಿ. ನಮ್ಮ ಸೀಮೆಯ ಮೋಡಗಳೋ, ಬರುತ್ತವೆ, ನಿಲ್ಲುತ್ತವೆ, ಯೋಚನೆ ಮಾಡುತ್ತವೆ, ಸುರಿಯದೆ ಹೋಗುತ್ತವೆ. ಕಳೆದ ಶ್ರಾವಣದಲ್ಲಿ ಹನ್ನೊಂದು ದಿನ ಫೋನು ಬಂದ್. ಎರಡೂ ಮನೆಯ ಬೀಗರು ಗಾಬರಿಯಾಗಿ ಬಸ್ಸು ಹತ್ತಿ ನೋಡಲು ಬಂದರು. ಅವರಿಗೆಲ್ಲ ರೊಟ್ಟಿ ಬಡಿದು ಬಡಿದು ದೊಡ್ಡತ್ತೆಯ ಕೈ ಬಾತುಕೊಂಡವು.

ಅತ್ತೆಯರ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಇಂಟರ್‌ಕಾಂ ಬಟನ್ನು ನಾನು ಯಾರಿಗಾಗಿ ತಂದೆನೋ ಅವರು ಒತ್ತಲಿಲ್ಲ, ಅತ್ತೆಯರು ಒತ್ತಿದರು! ಆ ಕಡೆ ಸಣ್ಣತ್ತೆ, ಈ ಕಡೆ ದೊಡ್ಡತ್ತೆ. ಮಾಮಾಗಳಿಬ್ಬರೂ ಹೊರಗೆ ಹೋದರೆ ಸಾಕು, ಗೋಡೆಗೆ ಬೆನ್ನು ಹಚ್ಚಿ ಕೂತು, ಗೋಡೆಯಿಲ್ಲದಿದ್ದರೆ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರದಿಂದ, ಫೋನಿನಲ್ಲಿ ಮಾತಾಡುವುದು. "ಏನ್ ಪಲ್ಯಾ ಮಾಡೀಯವಾ?" "ಪುಂಡಿಪಲ್ಯಾ ಅಕ್ಕಾ, ಗೋಡಿ ಮ್ಯಾಲ ಇಟ್ಟೇನಿ ನೋಡು." ದೊಡ್ಡ ಮಾಮಾ ಊಟದಲ್ಲಿ ಪುಂಡಿಪಲ್ಯೆ ತಿಂದು, "ಇದು ನಿನ್ನ ಕೈ ರುಚಿ ಅಲ್ಲ" ಎನ್ನುತ್ತಿದ್ದರು. ಎಂದೂ ಬೇಡವೆಂದವರಲ್ಲ. ಬಟ್ಟಲು ಒರೆಸಿ ತಿನ್ನುತ್ತಿದ್ದರು.

ಅಣ್ಣತಮ್ಮಂದಿರು ಒಂದೇ ಒಂದು ಸಲ ಒಂದೇ ಫೋನಿನಲ್ಲಿ ಕೂಡಿದ್ದುಂಟು. ಮುದ್ದೇಬಿಹಾಳದ ಬೀಗರೊಬ್ಬರು ತೊಟ್ಟಿಲ ಕಾರ್ಯಕ್ಕೆ ಕರೆಯಲು ಫೋನು ಮಾಡಿದ್ದರು. ಎರಡೂ ಮನೆಯಲ್ಲಿ ಗಂಟೆ ಬಾರಿಸಿತು. ಇಬ್ಬರೂ ಒಮ್ಮೆಲೇ ಎತ್ತಿದರು. ಎತ್ತಿದ ಮೇಲೆ ಇಬ್ಬರಿಗೂ ಗೊತ್ತಾಯಿತು, ಇನ್ನೊಬ್ಬ ಇದ್ದಾನೆ ಎಂದು. ಈಗ 'ಹಲೋ' ಎಂದರೆ ತಮ್ಮ ಕೇಳುತ್ತಾನೆ, ತಮ್ಮನ ಜೊತೆ ಮಾತಾಡಿದಂತಾಯಿತಲ್ಲ! ಆ ಕಡೆಯೂ ಅದೇ ಲೆಕ್ಕಾಚಾರ. ಬೀಗರು "ಹಲೋ, ಹಲೋ" ಎಂದು ಒದರುತ್ತಿದ್ದಾರೆ, ಇತ್ತ ಎರಡು ಮೂಗುಗಳ ಉಸಿರಾಟ ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಬೀಗರು ಜಾಣರು, "ಉಸಿರು ಎರಡು ಕೇಳಾಕತ್ತಾವ. ಎರಡೂ ಮನಿಯವರೂ ಬರ್ರಿ" ಎಂದು ಇಟ್ಟರು. ಕಾರ್ಯಕ್ಕೆ ಇಬ್ಬರೂ ಹೋದರು, ಬೇರೆ ಬೇರೆ ಬಸ್ಸಿನಲ್ಲಿ.

ಸಣ್ಣ ಮಾಮಾನಿಗೆ ಒಂದು ಅಭ್ಯಾಸವಿತ್ತು. ಹ್ಯಾಂಡ್‌ಸೆಟ್ಟನ್ನು ಅದರ ಜಾಗದಲ್ಲಿ ಇಡುತ್ತಲೇ ಇರಲಿಲ್ಲ. ಬನಿಯನ್ನಿಗೂ ಕಿಸೆ ಹೊಲಿಸಿಕೊಂಡು ಎದೆಯ ಮೇಲಿನ ಆ ಕಿಸೆಯಲ್ಲಿ, ಹಗಲು ಮನೆಯಲ್ಲಿದ್ದಷ್ಟು ಹೊತ್ತೂ, ಇಟ್ಟುಕೊಂಡು ತಿರುಗುತ್ತಿದ್ದರು. ಸಣ್ಣತ್ತೆಗೆ ಮಾತಾಡುವುದಿದ್ದರೆ ಬೇಡಿ ಇಸಿದುಕೊಳ್ಳಬೇಕು. ಒಮ್ಮೆ ದೊಡ್ಡ ಮಾಮಾನ ಹ್ಯಾಂಡ್‌ಸೆಟ್ಟು ಅಂಗಡಿಯ ಜೋಳದ ಬೀಜದ ಚೀಲದಲ್ಲಿ ಹೂತುಹೋಯಿತು. ಕಳೆದ ಹ್ಯಾಂಡ್‌ಸೆಟ್ಟು ಹುಡುಕಲು ಬೇಸಿನಲ್ಲಿ ಒಂದು ಬಟನ್ ಇರುತ್ತದೆ. ಒತ್ತಿದರೆ ಎಲ್ಲ ಹ್ಯಾಂಡ್‌ಸೆಟ್ಟುಗಳೂ ಕೂಗುತ್ತವೆ. ಮಾಮಾ ಒತ್ತಿದರು. ಮಾಮಾನ ಅಂಗಡಿ ಆ ಸುಣ್ಣದ ಗೆರೆಯಾಚೆ ಇದ್ದದ್ದರಿಂದ ಚೀಲದೊಳಗಿನದು ಸುಮ್ಮನಿತ್ತು. ಗೋಡೆಯಾಚೆ ಪೂಜೆಗೆ ಕೂತಿದ್ದ ಸಣ್ಣ ಮಾಮಾನ ಎದೆ ಕೀಕೀ ಎಂದು ಕೂಗತೊಡಗಿತು. ಅವರು ಪೂಜೆ ಅರ್ಧಕ್ಕೆ ಬಿಟ್ಟು, ಫೋನು ಕಿವಿಗೆ ಹಚ್ಚಿ, ಬಹಳ ಹೊತ್ತು ಹಾಗೇ ನಿಂತಿದ್ದರಂತೆ. ಆ ಕಡೆ ಯಾರೂ ಇರಲಿಲ್ಲ. ಸಣ್ಣತ್ತೆ ಇದನ್ನು ನಗುತ್ತ ಹೇಳಿದಳು, ನಾವೂ ನಕ್ಕೆವು.

ಅಲ್ಲಿಯವರೆಗೆ ಎಲ್ಲವೂ ನಗುವೇ ಆಗಿತ್ತು. ಈಚೆಗೆ ಸಣ್ಣ ಮಾಮಾನಿಗೆ ಮೇಲಿಂದ ಮೇಲೆ ಕಣ್ಣು ಕತ್ತಲೆ ಬರತೊಡಗಿತು. ಒಂದು ಬೆಳಗ್ಗೆ ಹೊಲದ ಬದುವಿನ ಮೇಲೆ ಕುಸಿದುಬಿದ್ದರು. ವಿಜಯಪುರಕ್ಕೆ ಒಯ್ದರು. ಎದೆಬಡಿತ ತೀರ ನಿಧಾನವಾಗಿದೆ ಎಂದು ವೈದ್ಯರು ಎಡ ಎದೆಯ ಚರ್ಮದ ಕೆಳಗೆ ಒಂದು ಸಣ್ಣ ಯಂತ್ರ ಹಾಕಿದರು. ಆ ವಾರ ದೊಡ್ಡ ಮಾಮಾ ಅಂಗಡಿಗೆ ಮಾಲು ತರುತ್ತೇನೆಂದು ಮೂರು ದಿನ ವಿಜಯಪುರಕ್ಕೆ ಹೋದರು, ಮೂರು ದಿನವೂ ಬರಿಗೈಯಲ್ಲಿ ಬಂದರು. ದವಾಖಾನೆಯ ಎದುರಿನ ಚಹಾದ ಅಂಗಡಿಯಲ್ಲಿ ಕೂತಿದ್ದರೆಂದು ಯಾರೋ ಹೇಳಿದ್ದು ಅವ್ವನ ಕಿವಿಗೂ ಬಿತ್ತು. "ಒಳಗ ಹೋಗಲಿಲ್ಲೇನು?" ಎಂದು ಅವ್ವ ಕೇಳಿದಳು. "ಚಾ ಚಲೋ ಇತ್ತು" ಎಂದರು.

ಸಣ್ಣ ಮಾಮಾ ಮನೆಗೆ ಬಂದ ಎಂಟನೆಯ ದಿನ, ಒಂದು ಭಾನುವಾರ, ನಾನು ಮನಗೂಳಿಗೆ ಹೋದೆ. ಅತ್ತೆಯರಿಬ್ಬರೂ ಇಂಗಳೇಶ್ವರಕ್ಕೆ ಬಸುರಿ ಹೆಣ್ಣುಮಗಳೊಬ್ಬಳ ಕುಬಸಕ್ಕೆ ಹೋಗಿದ್ದರು. ಗೋಡೆಯ ಈ ಕಡೆ ದೊಡ್ಡ ಮಾಮಾ ಒಬ್ಬರೇ, ಆ ಕಡೆ ಸಣ್ಣ ಮಾಮಾ ಒಬ್ಬರೇ. ನನ್ನನ್ನು ಕಂಡದ್ದೇ ದೊಡ್ಡ ಮಾಮಾ ಫೋನಿನ ಪುಸ್ತಕ, ಭೂತಗನ್ನಡಿ ಎರಡನ್ನೂ ತಂದು ಮುಂದಿಟ್ಟರು.

"ಎಲ್ಲಾ ಪಾನ ಬಾಯಿಪಾಠ ಆದ್ವು ಯವ್ವಾ. ಈ ಕಡೀದು ಒಂದು ಉಳದೈತಿ. ಕಂಪನಿ ವಿಳಾಸ ಇಷ್ಟುದ್ದ ಇರ್ತೈತೇನು?"

ನನ್ನ ಮುಖ ಬಿಸಿಯಾಯಿತು. ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳತೊಡಗಿದೆ. ಒದ್ದೆ ಕೈಯಿಂದ ಮುಟ್ಟಬಾರದು. ಕೊಟ್ಟ ಬ್ಯಾಟರಿಯನ್ನೇ ಹಾಕಬೇಕು. ಹಳೆಯ ಬ್ಯಾಟರಿಯನ್ನು ಬೆಂಕಿಗೆ ಎಸೆಯಬಾರದು. ಮಾಮಾ ಒಂದೊಂದಕ್ಕೂ ತಲೆದೂಗಿದರು. ನಾಲ್ಕನೆಯ ಸಾಲಿಗೆ ನನ್ನ ಬಾಯಿ ನಿಂತಿತು.

"ಯಾಕ ನಿಂತಿ?"

"ಹೃದಯಕ್ಕೆ ಯಂತ್ರ ಹಾಕಿಸಿಕೊಂಡವರು ಹ್ಯಾಂಡ್‌ಸೆಟ್ಟನ್ನು ಎದೆಯ ಕಿಸೆಯಲ್ಲಿ ಇಡಬಾರದು. ಯಂತ್ರ ಇರುವ ಬದಿಯ ಕಿವಿಗೆ ಹಿಡಿಯಬಾರದು. ವೈದ್ಯರನ್ನು ಕೇಳಿ ಬಳಸಬೇಕು."

ಮಾಮಾ ಎದ್ದು ನಿಂತರು. "ಅಂವ ಎಲ್ಲಿ ಇಡ್ತಾನ?" ಎಂದು ಕೇಳಿದರು. ಅವರಿಗೆ ಗೊತ್ತಿಲ್ಲದ್ದೇನಲ್ಲ.

"ಕಿಸೇದಾಗ. ಎಡಕ್ಕ." ನನಗೆ ಅಳು ಬರುವಂತಾಗಿತ್ತು. "ಮಾಮಾ, ಇದು ಜ್ವಾಕಿಗೆ ಅಂತ ಬರದದ್ದರಿ, ಒಮ್ಮೆಲೇ ಏನೂ ಆಗೂದಿಲ್ಲ. ನಾ ಈಗ ಹೋಗಿ ಹೇಳಿ ಬರ್ತೇನಿ."

"ಈ ಪಾನ ಬಿಟ್ಟಾಕಿ ನೀನ ಅಲ್ಲ? ನೀ ಹೋದ್ರ ಅರ್ಧಾ ಹೇಳಿ ಬರ್ತಿ."

ಹೀಗೆಂದವರೇ ಹ್ಯಾಂಡ್‌ಸೆಟ್ಟು ಎತ್ತಿದರು. ಹೆಬ್ಬೆರಳು ಇಂಟರ್‌ಕಾಂ ಬಟನ್ನಿನ ಮೇಲೆ ಹೋಯಿತು. ಎರಡು ವರ್ಷದಿಂದ ನಾನು ಯಾವ ಗಳಿಗೆಗೆ ಕಾಯುತ್ತಿದ್ದೆನೋ ಅದು ಬಂತು ಎಂದುಕೊಂಡೆ. ಅಷ್ಟರಲ್ಲಿ ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದರು. "ಥೂ ಇದರ! ಒತ್ತಿದ್ರ ಅವನ ಎದಿ ಮ್ಯಾಲ ಬಾರಸ್ತೈತಲ್ಲೋ!" ಮರುಕ್ಷಣ ಬೇಸಿನ ತಂತಿ ಕಿತ್ತರು. ನಡುವೆ ಯಾರಾದರೂ ಬೀಗರು ಫೋನು ಮಾಡಿಬಿಟ್ಟರೆ? ಕರೆಂಟಿನ ಪಿನ್ನನ್ನೂ ಕಿತ್ತರು. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಬನಿಯನ್ನು ಧೋತರದಲ್ಲೇ, ಚಪ್ಪಲಿ ಮೆಟ್ಟದೆ ಹೊರಟರು.

ಓಣಿ ಸುತ್ತಿ ಹೋದರೆ ನಲವತ್ತು ಹೆಜ್ಜೆ. ಆರು ವರ್ಷದಿಂದ ನಡೆಯದಿದ್ದ ನಲವತ್ತು ಹೆಜ್ಜೆ. ನಾನು ಹಿಂದಿನಿಂದ ಓಡಿದೆ. ಎಲ್ಲವನ್ನೂ ಎಣಿಸುವ ಮನುಷ್ಯ ಅಂದು ಎಣಿಸಲಿಲ್ಲ. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತರು. ಒಳಗೆ ಸಣ್ಣ ಮಾಮಾ ಹೊರಸಿನ ಮೇಲೆ ದಿಂಬಿಗೆ ಒರಗಿ ಪೇಪರು ಓದುತ್ತಿದ್ದರು. ಎಡಗಡೆಯ ಕಿಸೆಯಲ್ಲಿ ಫೋನು ತಲೆ ಎತ್ತಿಕೊಂಡು ನಿಂತಿತ್ತು. ದೊಡ್ಡ ಮಾಮಾ ಸೀದಾ ಹೋಗಿ, ಕೇಳದೆ ಹೇಳದೆ, ಕಿಸೆಗೆ ಕೈ ಹಾಕಿ ಅದನ್ನು ಕಿತ್ತುಕೊಂಡರು.

"ಇದನ್ನ ಎದಿ ಮ್ಯಾಲ ಇಡಾಂಗಿಲ್ಲ. ಪುಸ್ತಕದಾಗ ಬರದಾರ."

ಆರು ವರ್ಷದ ನಂತರದ ಮೊದಲ ಮಾತು ಅದು. ಸಣ್ಣ ಮಾಮಾ ಪೇಪರು ಮಡಚಿದರು. ಅಣ್ಣನನ್ನು ನೋಡಿದರು, ಬರಿಗಾಲು ನೋಡಿದರು.

"ಗೊತ್ತೈತಿ" ಎಂದರು.

"ಏನ್ ಗೊತ್ತೈತಿ?"

"ಡಾಕ್ಟರ್ ಹೇಳಿ ಕಳಸ್ಯಾರ."

"ಮತ್ತ ಯಾಕ ಇಟ್ಕೊಂಡಿಯೋ ಹುಚ್ಚಾ?" ದೊಡ್ಡ ಮಾಮಾನ ದನಿ ಓಣಿಗೆ ಕೇಳುವಷ್ಟು ಏರಿತ್ತು.

ಸಣ್ಣ ಮಾಮಾ ಹೊರಸಿನ ಹಗ್ಗ ನೋಡುತ್ತ ಹೇಳಿದರು. "ನೀ ಯಾವಾಗರ ಆ ಬಟನ್ ಒತ್ತತಿ ಅಂತ. ದವಾಖಾನಿಂದ ಬಂದಾಗಿಂದ ನನಗ ಲಗೂ ಏಳಾಕ ಆಗೂದಿಲ್ಲ ಅಣ್ಣಾ. ಅದನ್ನ ದೂರ ಇಟ್ರ, ನಾ ಎದ್ದು ಹೋಗಿ ಎತ್ತೂದ್ರಾಗ ನೀ ಕೆಳಗ ಇಟ್ಟಬಿಡ್ತಿ ಅಂತ ಅಂಜಿಕಿ ಇತ್ತು."

ದೊಡ್ಡ ಮಾಮಾ ಹೊರಸಿನ ಮೇಲೆ ಕುಸಿದು ಕೂತರು. ಪುಸ್ತಕ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಫೋನನ್ನು ನನ್ನ ಕೈಗೆ ದಾಟಿಸಿ, ಅದಿದ್ದ ಜಾಗದ ಮೇಲೆ ತಮ್ಮ ಅಂಗೈ ಇಟ್ಟರು. ಯಂತ್ರ ಹಾಕಿದ ಗಾಯಕ್ಕೆ ನೋವಾಗದಂತೆ, ಹಗುರಕ್ಕೆ ಇಟ್ಟರು.

"ಅಲ್ಲೆ ಮೂಲ್ಯಾಗ ಇಡು ಅದನ್ನ" ಎಂದು ನನಗೆ ಹೇಳಿ ತಮ್ಮನ ಕಡೆ ತಿರುಗಿದರು. "ಸಾವಕಾಶ ಏಳು, ಸಾವಕಾಶ ನಡದು ಬಾ, ಬಲಗಿವಿಗೆ ಹಚ್ಚು. ನೀ ಎತ್ತೂತನಕ ನಾ ಕೆಳಗ ಇಡೂದಿಲ್ಲ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋಗಿ ಮನಸಾರೆ ಅತ್ತೆ. ಚಹಾ ಕುದಿಯಿತು, ಸಕ್ಕರೆ ಡಬ್ಬಿ ಮಾತ್ರ ಸಿಗಲಿಲ್ಲ. ಕೇಳೋಣವೆಂದು ಬಾಗಿಲಿಗೆ ಬಂದರೆ ಇಬ್ಬರೂ ಒಂದೇ ಹೊರಸಿನ ಮೇಲೆ ಕೂತು ಬಿಳಿಜೋಳ ಬಿತ್ತುವುದರ ಬಗ್ಗೆ ಮಾತಾಡುತ್ತಿದ್ದರು. ಆ ಮಾತಿನ ನಡುವೆ ಬಾಯಿ ಹಾಕಲು ನನಗೆ ಮನಸ್ಸಾಗಲಿಲ್ಲ. ಸಪ್ಪನೆಯ ಚಹಾವನ್ನೇ ಎರಡು ಬಸಿಗಳಿಗೆ ಹಾಕಿ ಕೊಟ್ಟೆ. ಇಬ್ಬರೂ ಕೊನೆಯ ಗುಟುಕಿನವರೆಗೆ ಕುಡಿದರು. ಸಕ್ಕರೆ ಇಲ್ಲವೆಂದು ಇಬ್ಬರಿಗೂ ಗೊತ್ತಾಗಲಿಲ್ಲ.